ರಜೆ ಹಾಕು, ಗೋಲ್ ಹೊಡೆ, ಗಡ್ಡ ಬಿಡು: ಇಂಗ್ಲಿಷ್ ಪದಜೋಡಿಗಳನ್ನು ಕನ್ನಡದ ಕಡೆಯಿಂದ ಕಲಿಯುವುದು ಹೇಗೆ?

ವಿಜಯನಗರ ಸಂಜೆ

ಎಲ್ಲರಿಗೂ ನಮಸ್ಕಾರ. ವಿಜಯನಗರದಲ್ಲಿ ಸಂಜೆ ಹೊತ್ತು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೆಚ್ಚಿನವರು ಐಟಿಐ, ಡಿಪ್ಲೊಮಾ, ಬಿಕಾಂ ಮುಗಿಸಿದವರು. ಕೆಲಸ ಮುಗಿಸಿ, ಬಸ್ಸಲ್ಲಿ ನಿಂತುಕೊಂಡು ಬಂದು, ಆಮೇಲೆ ಪಾಠಕ್ಕೆ ಕೂರುತ್ತಾರೆ. ಅವರಿಗೆ ಪದಗಳು ಗೊತ್ತಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. 'ಡಿಸಿಷನ್' ಗೊತ್ತು, 'ಲೀವ್' ಗೊತ್ತು, 'ಕಂಪ್ಲೇಂಟ್' ಗೊತ್ತು. ಆ ಪದದ ಜೊತೆ ಯಾವ ಕ್ರಿಯಾಪದ ಬರಬೇಕು ಅನ್ನುವಲ್ಲಿ ಬಾಯಿ ಕಟ್ಟುತ್ತದೆ.

ಇಂಗ್ಲಿಷ್‌ನವರು ಇದಕ್ಕೆ ಕೊಲೊಕೇಶನ್ ಅನ್ನುತ್ತಾರೆ. ನಾವು ಪದಜೋಡಿ ಅನ್ನೋಣ. ಒಂದು ಪದದ ಪಕ್ಕ ರೂಢಿಯಿಂದ ಬಂದು ಕೂರುವ ಇನ್ನೊಂದು ಪದ. 'ಮೇಕ್ ಎ ಮಿಸ್ಟೇಕ್' ಸರಿ, 'ಡೂ ಎ ಮಿಸ್ಟೇಕ್' ಸರಿಯಲ್ಲ. ವ್ಯಾಕರಣದ ಯಾವ ನಿಯಮವೂ ಇದನ್ನು ಹೇಳಿಕೊಡುವುದಿಲ್ಲ.

ನಾನು ಗಮನಿಸಿದ್ದು ಇಷ್ಟು. ನಮ್ಮವರ ಬಾಯಲ್ಲಿ ಬರುವ ಇಂಗ್ಲಿಷ್ ಕ್ರಿಯಾಪದದ ಹಿಂದೆ ಯಾವಾಗಲೂ ಒಂದು ಕನ್ನಡ ಕ್ರಿಯಾಪದ ಇರುತ್ತದೆ. 'ಐ ಹ್ಯಾವ್ ಪುಟ್ ಲೀವ್' ಅಂದರೆ ಹಿಂದೆ 'ರಜೆ ಹಾಕಿದ್ದೇನೆ' ಇದೆ. 'ಪುಟ್ ದ ಫ್ಯಾನ್' ಹಿಂದೆ 'ಫ್ಯಾನ್ ಹಾಕು' ಇದೆ. ಬಾಯಿಗೆ ಬಂದ ಹಾಗೆ ಆಡಿದ ಮಾತಲ್ಲ, ಅದಕ್ಕೊಂದು ಕ್ರಮ ಇದೆ. ಹಾಗಿದ್ದ ಮೇಲೆ ಕಲಿಸುವವರೂ ಅದೇ ಕ್ರಮ ಹಿಡಿಯಬಹುದು ಅಲ್ವಾ? ಪುಸ್ತಕಗಳಲ್ಲಿರುವ ಎ ಟು ಝಡ್ ಪಟ್ಟಿ ಬಿಟ್ಟು, ಹಾಳೆಯ ಮೇಲ್ಗಡೆ ಒಂದು ಕನ್ನಡ ಕ್ರಿಯಾಪದ ಬರೆಯುವುದು. ಇಂಗ್ಲಿಷ್‌ಗೆ ಹೋದಾಗ ಅದು ಎಲ್ಲೆಲ್ಲಿ ಕವಲೊಡೆಯುತ್ತದೆ ಅಂತ ಕೆಳಗೆ ಬರೆಯುತ್ತಾ ಹೋಗುವುದು.

ಮೊದಲು 'ಹಾಕು' ತೆಗೆದುಕೊಂಡೆ. ನೋಡಿ, ಎಷ್ಟು ಕವಲು.

ರಜೆ ಹಾಕುವುದು 'ಟೇಕ್ ಲೀವ್'. ಅರ್ಜಿ ಕೊಡುವ ಹಂತದಲ್ಲಿದ್ದರೆ 'ಅಪ್ಲೈ ಫಾರ್ ಲೀವ್'. ಒಂದೇ ದಿನವಾದರೆ 'ಐ ಆ್ಯಮ್ ಟೇಕಿಂಗ್ ಎ ಡೇ ಆಫ್ ಟುಮಾರೋ'. ಫ್ಯಾನ್ ಹಾಕುವುದು 'ಟರ್ನ್ ಆನ್ ದ ಫ್ಯಾನ್'. ಬಾಗಿಲು ಹಾಕುವುದು 'ಕ್ಲೋಸ್ ದ ಡೋರ್'. ಬೀಗ ಹಾಕುವುದಕ್ಕೆ 'ಲಾಕ್' ಒಂದೇ ಸಾಕು. ಸಹಿ ಹಾಕುವುದಕ್ಕೂ ಹಾಗೆಯೇ, 'ಸೈನ್' ಸಾಕು: 'ಪ್ಲೀಸ್ ಸೈನ್ ದ ಫಾರ್ಮ್'. ಓಟು ಹಾಕುವುದು 'ಕಾಸ್ಟ್ ಎ ವೋಟ್'. ಕೇಸು ಹಾಕುವುದು 'ಫೈಲ್ ಎ ಕೇಸ್'. ರಂಗೋಲಿ ಹಾಕುವುದು 'ಡ್ರಾ ಎ ರಂಗೋಲಿ'. ಊಟ ಹಾಕುವುದು 'ಸರ್ವ್ ಎ ಮೀಲ್'. ಗ್ರೂಪಲ್ಲಿ ಫೋಟೋ ಹಾಕುವುದು 'ಪೋಸ್ಟ್ ಎ ಫೋಟೋ', ಮೆಸೇಜ್ ಹಾಕುವುದು 'ಸೆಂಡ್ ಎ ಮೆಸೇಜ್'. ಪೆಟ್ರೋಲ್ ಹಾಕಿಸುವುದು 'ಫಿಲ್ ಅಪ್'. ಲೆಕ್ಕ ಹಾಕುವುದು ಸುಮ್ನೆ 'ಕ್ಯಾಲ್ಕ್ಯುಲೇಟ್'.

ಇಷ್ಟರಲ್ಲಿ 'ಪುಟ್' ಎಲ್ಲಾದರೂ ಬಂತಾ? ಬಟ್ಟೆ ಹಾಕಿಕೊಳ್ಳುವಂಥ ಕೆಲವು ಕಡೆ ಬರುತ್ತದೆ, 'ಪುಟ್ ಆನ್ ಯುವರ್ ಶರ್ಟ್'. ಈ ಹಾಳೆಯನ್ನು ಗೋಡೆಗೆ ಅಂಟಿಸಿದ ದಿನ ಒಬ್ಬ ಹುಡುಗಿ ಅದರ ಮುಂದೆಯೇ ನಿಂತು, ಪ್ರತಿ ಜೋಡಿಗೂ ಒಂದೊಂದು ವಾಕ್ಯ ಮಾಡಿ ಜೋರಾಗಿ ಹೇಳಿದಳು. ಅವತ್ತು ಬೇರೆ ಪಾಠ ಬೇಕಾಗಲಿಲ್ಲ.

ನಿಮ್ಮ ನಿಮ್ಮ ಕೆಲಸದಲ್ಲಿ, ಮನೆಯಲ್ಲಿ ಕೇಳುವ ಜೋಡಿಗಳನ್ನು ಸೇರಿಸಿ. ಬರೀ ಪದ ಬೇಡ, ವಾಕ್ಯವೂ ಇರಲಿ.

ಪೀಣ್ಯ ಟೂಲ್‌ರೂಂ

ನನ್ನದು 'ಹೊಡೆ'. ಶಿಫ್ಟಲ್ಲಿ ಊಟದ ಹೊತ್ತಿಗೆ ಎಲ್ಲರೂ ಸೇರಿ ಬರೆದದ್ದು.

ಗೋಲ್ ಹೊಡೆ: 'ಸ್ಕೋರ್ ಎ ಗೋಲ್'. ಸೆಂಚುರಿ ಹೊಡೆ: 'ಸ್ಕೋರ್ ಎ ಸೆಂಚುರಿ'. ಇದಕ್ಕೆ 'ಹಿಟ್' ಕೂಡ ನಡೆಯುತ್ತದೆ. ಆದರೆ ಗೋಲಿಗೆ 'ಹಿಟ್ ಎ ಗೋಲ್' ಅನ್ನುವುದಿಲ್ಲ. ಗಂಟೆ ಹೊಡೆ: 'ರಿಂಗ್ ದ ಬೆಲ್'. ಮೊಳೆ ಹೊಡೆ: 'ಹ್ಯಾಮರ್ ಎ ನೇಲ್'. ಗೋಡೆಗೆ ಬಣ್ಣ ಹೊಡೆ: 'ಪೇಂಟ್ ದ ವಾಲ್'. ಹಾರ್ನ್ ಹೊಡೆ: 'ಹಾಂಕ್'. ಪರೀಕ್ಷೆಯಲ್ಲಿ ಕಾಪಿ ಹೊಡೆ: 'ಚೀಟ್ ಇನ್ ದ ಎಗ್ಸಾಮ್'. ಸೆಲ್ಯೂಟ್ ಹೊಡೆ: 'ಸೆಲ್ಯೂಟ್' ಮಾತ್ರ. ಫೋಟೋ ಹೊಡೆ: 'ಟೇಕ್ ಎ ಫೋಟೋ'.

ಒಂದು ಅನುಮಾನ. ಮಷೀನ್ ಕೆಟ್ಟರೆ ನಾವು 'ಬ್ರೇಕ್‌ಡೌನ್ ಆಗಿದೆ' ಅನ್ನುತ್ತೇವೆ. ಇಂಗ್ಲಿಷ್‌ನಲ್ಲಿ 'ಬ್ರೇಕ್‌ಡೌನ್ ಹ್ಯಾಪನ್ಡ್' ಅನ್ನಬಹುದಾ?

ವಿಜಯನಗರ ಸಂಜೆ

ಅರ್ಥ ಆಗುತ್ತದೆ. ಆದರೆ ರೂಢಿಯ ಮಾತು 'ದ ಮಷೀನ್ ಹ್ಯಾಸ್ ಬ್ರೋಕನ್ ಡೌನ್'. ಲಾಗ್ ಪುಸ್ತಕದಲ್ಲಿ ಬರೆಯುವುದಾದರೆ 'ಮಷೀನ್ ಸ್ಟಾಪ್ಡ್ ಡ್ಯೂ ಟು ಎ ಬ್ರೇಕ್‌ಡೌನ್'. 'ಆಗು' ನಮಗೆ ತುಂಬಾ ಒಗ್ಗಿದ ಕ್ರಿಯಾಪದ. ಆಕ್ಸಿಡೆಂಟ್ ಆಯಿತು, ಲೇಟ್ ಆಯಿತು, ಶೀತ ಆಗಿದೆ. ಇಂಗ್ಲಿಷ್‌ನಲ್ಲಿ 'ಹ್ಯಾಪನ್' ಅಷ್ಟು ದೂರ ಬರುವುದಿಲ್ಲ. 'ಐ ಹ್ಯಾಡ್ ಆ್ಯನ್ ಆಕ್ಸಿಡೆಂಟ್', 'ಐ ಆ್ಯಮ್ ಲೇಟ್', 'ಐ ಹ್ಯಾವ್ ಎ ಕೋಲ್ಡ್'. ಮೂರರಲ್ಲೂ 'ಐ' ಮುಂದೆ ಬಂದು ನಿಲ್ಲುತ್ತದೆ. ಇದಕ್ಕೇ ಬೇರೆ ಹಾಳೆ ಬೇಕು.

ಬಸವನಗುಡಿ ಮೇಷ್ಟ್ರು

ಒಳ್ಳೆ ಕೆಲಸ ಮಾಡುತ್ತಿದ್ದೀರಿ. ಆದರೂ ನನ್ನದೊಂದು ಆಕ್ಷೇಪ ಇದೆ. ಕನ್ನಡದ ಕ್ರಿಯಾಪದ ಹಿಡಿದು ಇಂಗ್ಲಿಷ್‌ಗೆ ಹೋಗುವ ಹುಡುಗ, ಮಾತಾಡುವಾಗಲೂ ಪ್ರತಿ ಸಲ ಕನ್ನಡಕ್ಕೆ ಬಂದೇ ಹೋಗಬೇಕಾಗುತ್ತದೆ. ಮಾತು ನಿಧಾನ ಆಗುತ್ತದೆ. ನಾನು ಕಾಲೇಜಿನಲ್ಲಿ ಪಾಠ ಮಾಡುವಾಗ ವಾಕ್ಯವನ್ನೇ ಕೊಡುತ್ತಿದ್ದೆ. 'ಶಿ ಮೇಡ್ ಎ ಡಿಸಿಷನ್' ಅಂತ ಹತ್ತು ಕಡೆ ಓದಿದವನಿಗೆ 'ಮೇಡ್' ತಾನಾಗೇ ಬರುತ್ತದೆ.

ಈ ವಿಷಯದ ಹಿನ್ನೆಲೆ ಹೇಳಿದರೆ ಕೆಲವರಿಗೆ ಖುಷಿಯಾದೀತು. ಪದವನ್ನು ಅದರ ಜೊತೆಗಾರರಿಂದ ಗುರುತಿಸಬೇಕು ಅನ್ನುವ ವಿಚಾರವನ್ನು ಭಾಷಾಶಾಸ್ತ್ರದಲ್ಲಿ ಗಟ್ಟಿಯಾಗಿ ನಿಲ್ಲಿಸಿದವರು ಬ್ರಿಟನ್ನಿನ ಜೆ. ಆರ್. ಫರ್ತ್. 1957ರ ಬರಹದಲ್ಲಿ ಅವರು ಹೇಳಿದ ಈ ಮಾತನ್ನು ಈಗಲೂ ಎಲ್ಲರೂ ನೆನೆಯುತ್ತಾರೆ. ಆ ಫರ್ತ್ 1919ರಿಂದ 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು.

ಅವರಿಗಿಂತ ಮೊದಲೇ ಹೆರಾಲ್ಡ್ ಪಾಮರ್ ಜಪಾನಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸದಲ್ಲಿದ್ದರು. ಜಪಾನೀ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ನೋಡಿ, 1933ರಲ್ಲಿ ಟೋಕಿಯೋದಲ್ಲಿ ಪದಜೋಡಿಗಳ ದೊಡ್ಡ ವರದಿಯನ್ನೇ ಹೊರತಂದರು. ಅವರ ಜೊತೆ ದುಡಿದ ಎ. ಎಸ್. ಹಾರ್ನ್‌ಬಿ 1942ರಲ್ಲಿ ಅಲ್ಲೇ ಒಂದು ನಿಘಂಟು ತಂದರು. 1948ರಲ್ಲಿ ಆಕ್ಸ್‌ಫರ್ಡ್‌ನವರು ಮತ್ತೆ ಅಚ್ಚು ಹಾಕಿದ್ದು ಅದನ್ನೇ. ನಮ್ಮ ಮನೆಗಳಲ್ಲಿರುವ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟಿನ ಮೂಲ ಅದು. ಇಂಗ್ಲಿಷ್ ಪದಜೋಡಿಗಳನ್ನು ಮೊದಮೊದಲು ಕೂತು ಕಲೆಹಾಕಿದ್ದು ಏಷ್ಯಾದ ಕಲಿಯುವ ಮಕ್ಕಳಿಗೋಸ್ಕರ. ಲಂಡನ್ನಿನಲ್ಲಿ ಹುಟ್ಟಿದವನಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ತಂಡ ಜನ ನಿಜವಾಗಿ ಬರೆದ, ಆಡಿದ ಇಂಗ್ಲಿಷನ್ನು ರಾಶಿ ಹಾಕಿ, ಅದರಿಂದಲೇ 1987ರಲ್ಲಿ ಕೋಬಿಲ್ಡ್ ನಿಘಂಟು ಮಾಡಿತು. 1994ಕ್ಕೆ ಅಂಥದ್ದೇ ಇನ್ನೊಂದು ರಾಶಿ, ಬ್ರಿಟಿಷ್ ನ್ಯಾಷನಲ್ ಕಾರ್ಪಸ್, ಮುಗಿಯಿತು. ಅದರಲ್ಲಿ 10 ಕೋಟಿ ಪದ ಇವೆ. ಸುಮಾರು ಶೇ. 90 ಬರಹ, ಶೇ. 10 ಮಾತು. ಈಗ ಯಾವ ಪದದ ಪಕ್ಕ ಯಾವುದು ಎಷ್ಟು ಸಲ ಬರುತ್ತದೆ ಅಂತ ಎಣಿಸಿಯೇ ನೋಡಬಹುದು.

ಮೇಷ್ಟ್ರುಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಜ್ಞಾನಭಾರತಿಯಲ್ಲಿ ದಕ್ಷಿಣ ರಾಜ್ಯಗಳ ಶಿಕ್ಷಕರಿಗೆಂದೇ 1963ರಲ್ಲಿ ಶುರುವಾದ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಇದೆ. ವಿಚಾರಿಸಿ ನೋಡಿ.

ವಿಜಯನಗರ ಸಂಜೆ

ಮೇಷ್ಟ್ರೇ, ಜಪಾನಿನ ಸಂಗತಿ ಓದಿ ಬಹಳ ಸಂತೋಷ ಆಯಿತು. ನಿಮ್ಮ ಆಕ್ಷೇಪಕ್ಕೆ ನನ್ನ ಉತ್ತರ ಅದರಲ್ಲೇ ಇದೆ. ಪಾಮರ್ ಮೊದಲು ನೋಡಿದ್ದು ಕಲಿಯುವವರು ಎಲ್ಲಿ ಎಡವುತ್ತಾರೆ ಅನ್ನುವುದನ್ನು. ನಮ್ಮವರು ಎಡವುವ ಜಾಗ ಕನ್ನಡ ಕ್ರಿಯಾಪದದ ಹತ್ತಿರ. ಅಲ್ಲಿಗೆ ಹೋಗದೆ ಸರಿಮಾಡುವುದು ಹೇಗೆ? ಹತ್ತು ಕಡೆ ಓದಿದರೆ ಬರುತ್ತದೆ ಅನ್ನುವುದು ನಿಜ. ಆದರೆ ಹತ್ತು ಕಡೆ ಓದಲು ಹೊತ್ತು ಇರುವವರು ಬೇರೆ. ದಿನಕ್ಕೆ ಒಂದು ಗಂಟೆ ಸಿಗುವವನಿಗೆ ಅವನ ಬಾಯಲ್ಲಿ ಈಗಾಗಲೇ ಇರುವ ಮಾತಿನಿಂದ ಶುರುಮಾಡಿದರೆ ಬೇಗ ಹಿಡಿಯುತ್ತದೆ. ಹಾಳೆ ಓದಿ ಮುಗಿದ ಮೇಲೆ ಕನ್ನಡದ ಕಾಲಂ ಮುಚ್ಚಿ ವಾಕ್ಯ ಹೇಳಿಸುತ್ತೇನೆ. ಅಲ್ಲಿಗೆ ನಿಮ್ಮ ದಾರಿಗೇ ಬಂದ ಹಾಗಾಯಿತು.

ಐಇಎಲ್‌ಟಿಎಸ್ ತಯಾರಿ

'ಐ ರೋಟ್ ದ ಎಗ್ಸಾಮ್' ತಪ್ಪು ಅಂತ ನಮ್ಮ ಐಇಎಲ್‌ಟಿಎಸ್ (ಹೊರದೇಶಕ್ಕೆ ಹೋಗುವವರ ಇಂಗ್ಲಿಷ್ ಪರೀಕ್ಷೆ) ಕೋಚಿಂಗ್‌ನಲ್ಲಿ ಹೇಳಿದರು. ನಾವು ಹುಟ್ಟಿದಾಗಿಂದ ಪರೀಕ್ಷೆ ಬರೆಯುತ್ತಲೇ ಬಂದಿದ್ದೇವೆ. ನಿಜವಾಗಲೂ ತಪ್ಪಾ?

ಬಸವನಗುಡಿ ಮೇಷ್ಟ್ರು

ಬ್ರಿಟನ್‌ನಲ್ಲಿ 'ಟೇಕ್ ಆ್ಯನ್ ಎಗ್ಸಾಮ್' ಅಥವಾ 'ಸಿಟ್ ಆ್ಯನ್ ಎಗ್ಸಾಮ್'. ಅಮೆರಿಕದಲ್ಲಿ 'ಟೇಕ್' ಮಾತ್ರ. ಉತ್ತರ ಭಾರತದವರು 'ಗಿವ್' ಅನ್ನುತ್ತಾರೆ, ಅವರ ಭಾಷೆಯಲ್ಲಿ ಪರೀಕ್ಷೆ ಕೊಡುವುದು. ಆದರೆ ಇಂಗ್ಲೆಂಡಿನವನ ಕಿವಿಗೆ 'ಗಿವ್ ಆ್ಯನ್ ಎಗ್ಸಾಮ್' ಅಂದರೆ ಮೇಷ್ಟ್ರು ಪರೀಕ್ಷೆ ಇಟ್ಟ ಹಾಗೆ ಕೇಳುತ್ತದೆ. ಅರ್ಥವೇ ತಿರುಗಿಬಿಡುತ್ತದೆ.

ಕೋರಮಂಗಲ ಅನುವಾದ

ತಪ್ಪು ಅಂತ ಹೇಳಿಬಿಡುವುದು ಸರಿಯಲ್ಲ. ಕೆನಡಾದಲ್ಲೂ ದಕ್ಷಿಣ ಆಫ್ರಿಕಾದಲ್ಲೂ 'ರೈಟ್ ಆ್ಯನ್ ಎಗ್ಸಾಮ್' ರೂಢಿಯಲ್ಲಿದೆ. ಇಲ್ಲಿ ಕೋಟ್ಯಂತರ ಜನ ಆಡುವ ಇಂಗ್ಲಿಷ್‌ಗೂ ಅದರದೇ ರೂಢಿ ಇದೆ. 'ಡೂ ದ ನೀಡ್‌ಫುಲ್' ಅನ್ನುವುದನ್ನು ಎಲ್ಲರೂ ಬೆಂಗಳೂರಿನ ಸರಕಾರಿ ಕಾಗದದ ಮಾತು ಅಂದುಕೊಳ್ಳುತ್ತಾರೆ. ಒಂದು ಕಾಲಕ್ಕೆ ಅದು ಬ್ರಿಟನ್‌ನಲ್ಲೂ ಚೆನ್ನಾಗಿ ನಡೆಯುತ್ತಿದ್ದ ಮಾತು. ಅಲ್ಲಿ ಮಾಸಿಹೋಯಿತು, ಇಲ್ಲಿ ಉಳಿಯಿತು. 'ಕಸಿನ್ ಬ್ರದರ್' ಕೂಡ ನಮಗೆ ಬೇಕಾಗಿಯೇ ಬಂದದ್ದು. ಬರೀ 'ಕಸಿನ್' ಅಂದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ನಮ್ಮ ಮನೆಗಳಲ್ಲಿ ಅದು ಗೊತ್ತಾಗಲೇಬೇಕು.

ನನ್ನ ಸಲಹೆ ಇಷ್ಟೇ: ಓದುವವರು ಯಾರು ಅಂತ ನೋಡಿ. ಜಯನಗರದ ಗೆಳತಿಗೆ 'ಐ ಆ್ಯಮ್ ರೈಟಿಂಗ್ ಕೆಎಎಸ್' ಅನ್ನಿ, ಏನೂ ಕೆಟ್ಟಿಲ್ಲ. ಐಇಎಲ್‌ಟಿಎಸ್‌ನಲ್ಲಿ 'ಟೇಕ್' ಬರೆಯಿರಿ. ಅಲ್ಲಿ ಪದಬಳಕೆಗೆ ಅಂಕ ಕೊಡುವಾಗ ಪದಜೋಡಿ ನೋಡುತ್ತಾರೆ. ಬ್ಯಾಂಡ್ 7 ಅನ್ನುವ ಅಂಕದ ಮಟ್ಟದ ವಿವರಣೆಯಲ್ಲೇ ಕೊಲೊಕೇಶನ್ ಅನ್ನುವ ಪದ ಇದೆ.

ಐಇಎಲ್‌ಟಿಎಸ್ ತಯಾರಿ

ಇದು ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್.

ಹೆಬ್ಬಾಳ ನರ್ಸ್

ಆಸ್ಪತ್ರೆಯಲ್ಲಿ ಇದು ಬರೀ ಅಂಕದ ವಿಷಯ ಅಲ್ಲ. ಈಗ ಬೆಂಗಳೂರಿನಲ್ಲಿ ಕನ್ನಡ ಬಾರದ ಡಾಕ್ಟರುಗಳು ತುಂಬಾ ಜನ ಇದ್ದಾರೆ. ರೋಗಿ 'ಪೇನ್, ಪೇನ್' ಅಂತಷ್ಟೇ ಹೇಳುತ್ತಾನೆ. ಎಂಥ ನೋವು ಅಂತ ಗೊತ್ತಾದರೆ ಡಾಕ್ಟರ ಅರ್ಧ ಕೆಲಸ ಮುಗಿಯುತ್ತದೆ. ಕನ್ನಡದಲ್ಲಿ ನಮ್ಮ ಜನ ನೋವನ್ನು ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಾರೆ! ಅದನ್ನೇ ಇಂಗ್ಲಿಷ್‌ಗೆ ತಂದುಕೊಂಡರೆ ಸಾಕು.

ಚುಚ್ಚಿದ ಹಾಗೆ: 'ಎ ಶಾರ್ಪ್ ಪೇನ್', ಇನ್ನೂ ಜೋರಾದರೆ 'ಎ ಸ್ಟ್ಯಾಬಿಂಗ್ ಪೇನ್'. ಒಂದೇ ಸಮನೆ ಸಣ್ಣಗೆ ನೋಯುತ್ತಿದ್ದರೆ 'ಎ ಡಲ್ ಏಕ್'. ನಾಡಿ ಬಡಿದ ಹಾಗೆ ತಲೆ ಬಡಿಯುತ್ತಿದ್ದರೆ 'ಎ ಥ್ರಾಬಿಂಗ್ ಹೆಡೇಕ್'. ತಲೆ ಸಿಡಿದು ಹೋಗುತ್ತಿದೆ ಅನ್ನುತ್ತೀವಲ್ಲ, ಅದು 'ಎ ಸ್ಪ್ಲಿಟಿಂಗ್ ಹೆಡೇಕ್', ಎರಡು ಭಾಷೆಯಲ್ಲೂ ತಲೆ ಒಡೆಯುತ್ತದೆ. ಹೊಟ್ಟೆ ಹಿಂಡುತ್ತಿದ್ದರೆ 'ಸ್ಟಮಕ್ ಕ್ರ್ಯಾಂಪ್ಸ್'. ಉರಿ ಇದ್ದರೆ 'ಎ ಬರ್ನಿಂಗ್ ಸೆನ್ಸೇಷನ್'. ಎದೆ ಹಿಡಿದ ಹಾಗೆ ಇದ್ದರೆ 'ಟೈಟ್‌ನೆಸ್ ಇನ್ ದ ಚೆಸ್ಟ್'. ಈ ಕೊನೆಯದನ್ನು ಮನೆಯಲ್ಲಿ ಎಲ್ಲರೂ ಕಲಿತಿರಿ. ಎದೆ ಹಿಡಿದುಕೊಂಡಾಗ ಬರೀ 'ಗ್ಯಾಸ್' ಅಂತ ಹೇಳಿ ಮನೆಯಲ್ಲಿ ಉಳಿಯಬೇಡಿ.

ಜ್ವರ ಜಾಸ್ತಿ ಇದ್ದರೆ 'ಹೈ ಫೀವರ್'. 'ಹೆವಿ ಫೀವರ್' ಅಲ್ಲ. ನಾವು ಮಾತ್ರೆ ನುಂಗುತ್ತೇವೆ, ಔಷಧಿ ಕುಡಿಯುತ್ತೇವೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ 'ಟೇಕ್'. 'ಡಿಡ್ ಯೂ ಟೇಕ್ ಯುವರ್ ಮೆಡಿಸಿನ್?' 'ಲೂಸ್ ಮೋಷನ್' ಇಲ್ಲಿಯ ಡಾಕ್ಟರಿಗೆ ಅರ್ಥ ಆಗುತ್ತದೆ. ಹೊರದೇಶಕ್ಕೆ ಹೋಗುವ ನರ್ಸ್ ಗೆಳತಿಯರು 'ಡಯರಿಯಾ' ಅನ್ನಿ. 'ಹೆಡ್ ಬಾತ್' ಕೂಡ ಅಲ್ಲಿ ನಡೆಯುವುದಿಲ್ಲ, ತಲೆಸ್ನಾನಕ್ಕೆ 'ಐ ವಾಶ್ಡ್ ಮೈ ಹೇರ್'.

ಯಲಹಂಕ ಅಮ್ಮ

ಇದನ್ನು ಬರೆದಿಟ್ಟುಕೊಂಡು ಫ್ರಿಜ್ ಮೇಲೆ ಅಂಟಿಸಿದ್ದೇನೆ. ನನ್ನ ಮಗ ಐದನೇ ಕ್ಲಾಸು. 'ಮೇಕ್' ಮತ್ತು 'ಡೂ' ಎರಡೂ ನಮಗೆ 'ಮಾಡು'. ಹೇಗೆ ಹೇಳಿಕೊಡಲಿ?

ವಿಜಯನಗರ ಸಂಜೆ

ಪೂರ್ತಿ ನಂಬಬಹುದಾದ ನಿಯಮ ಇಲ್ಲ. ಕೆಲಸದ ಪಟ್ಟಿಯಲ್ಲಿ ಬರುವಂಥದ್ದಕ್ಕೆ ಹೆಚ್ಚಾಗಿ 'ಡೂ': ಹೋಮ್‌ವರ್ಕ್, ಡಿಶಸ್, ಎಕ್ಸರ್ಸೈಸ್. ಹೊಸದಾಗಿ ಒಂದು ಹುಟ್ಟಿದರೆ ಹೆಚ್ಚಾಗಿ 'ಮೇಕ್': ಕಾಫಿ, ನಾಯ್ಸ್, ಮಿಸ್ಟೇಕ್, ಪ್ಲಾನ್, ಪ್ರಾಮಿಸ್. ಊಟ, ತಿಂಡಿ, ನಿದ್ದೆ ಮಾತ್ರ ಎರಡರಲ್ಲೂ ಸೇರುವುದಿಲ್ಲ. 'ಹ್ಯಾವ್ ಬ್ರೇಕ್‌ಫಾಸ್ಟ್' ಅಂದರೆ ತಿನ್ನುವುದು, 'ಮೇಕ್ ಬ್ರೇಕ್‌ಫಾಸ್ಟ್' ಅಂದರೆ ಅಡುಗೆ ಮನೆಯಲ್ಲಿ ಮಾಡುವುದು. ನಿದ್ದೆಗೆ ಸುಮ್ನೆ 'ಸ್ಲೀಪ್'. ಐದನೇ ಕ್ಲಾಸಿನ ಹುಡುಗನಿಗೆ ನಿಯಮ ಹೇಳಬೇಡಿ. ಬೆಳಿಗ್ಗೆ 'ಡಿಡ್ ಯೂ ಡೂ ಯುವರ್ ಹೋಮ್‌ವರ್ಕ್?' ಅಂತ ಕೇಳಿ, ಉತ್ತರ ಪೂರ್ತಿ ವಾಕ್ಯದಲ್ಲೇ ಬರಲಿ.

ಮಲ್ಲೇಶ್ವರ 8ನೇ ಕ್ರಾಸ್

ಕ್ರಿಯಾಪದ ಆಯಿತು. ಗುಣವಾಚಕಕ್ಕೂ ಒಂದು ಹಾಳೆ ಮಾಡಿ. ನಾನು 'ಜೋರು' ತೆಗೆದುಕೊಂಡೆ. ಜೋರು ಗಾಳಿ 'ಸ್ಟ್ರಾಂಗ್ ವಿಂಡ್'. ಜೋರು ಧ್ವನಿ 'ಲೌಡ್ ವಾಯ್ಸ್'. ಜೋರು ವ್ಯಾಪಾರ 'ಬ್ರಿಸ್ಕ್ ಬಿಸಿನೆಸ್', ಹಬ್ಬದ ಹಿಂದಿನ ದಿನ ಕೆ. ಆರ್. ಮಾರ್ಕೆಟ್ಟಿನ ಹೂವಿನವರಿಗೆ ಇರುತ್ತದಲ್ಲ, ಅದು. ಜೋರು ಜಗಳ 'ಎ ಹೀಟೆಡ್ ಆರ್ಗ್ಯುಮೆಂಟ್'. ಜೋರಾಗಿ ಓಡು 'ರನ್ ಫಾಸ್ಟ್'.

ಜೋರು ಮಳೆ 'ಹೆವಿ ರೇನ್'. ಇಲ್ಲಿ ನಮಗೆ ಒಂದು ಅನುಕೂಲ ಇದೆ. ಪೇಪರಿನಲ್ಲಿ 'ಭಾರಿ ಮಳೆ' ಅಂತಲೇ ಬರುತ್ತದೆ. ಭಾರಿ ಅಂದರೆ 'ಹೆವಿ', ಜೋಡಿ ಹಾಗೇ ಕೂರುತ್ತದೆ. ಹವಾಮಾನ ಇಲಾಖೆಗೆ ಇದು ಅಳತೆಯ ಮಾತೂ ಹೌದು. 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗೆ ಬಿದ್ದರೆ 'ಹೆವಿ', ಅದಕ್ಕಿಂತ ಜಾಸ್ತಿಯಾಗಿ 204.4 ಮಿ.ಮೀ.ವರೆಗೆ 'ವೆರಿ ಹೆವಿ', ಅದನ್ನೂ ದಾಟಿದರೆ 'ಎಕ್ಸ್‌ಟ್ರೀಮ್ಲಿ ಹೆವಿ'. ಕನ್ನಡದಲ್ಲಿ ಭಾರಿ, ಅತಿ ಭಾರಿ ಅಂತ ಓದುತ್ತೇವೆ.

ಕಾಫಿ ಬಗ್ಗೆಯೂ ಹೇಳಬೇಕು. ದರ್ಶಿನಿಯಲ್ಲಿ 'ಸ್ಟ್ರಾಂಗ್ ಒಂದು, ಲೈಟ್ ಒಂದು' ಅನ್ನುತ್ತೇವೆ. 'ಸ್ಟ್ರಾಂಗ್' ಇಂಗ್ಲಿಷ್‌ನವರದ್ದೇ. 'ಲೈಟ್' ಜಾಗದಲ್ಲಿ ಅವರು 'ವೀಕ್' ಅನ್ನುತ್ತಾರೆ: 'ದಿಸ್ ಕಾಫಿ ಈಸ್ ಟೂ ವೀಕ್'. ಬೈಟೂ ಕಾಫಿ ಮಾತ್ರ ಅವರಲ್ಲಿ ಇಲ್ಲವೇ ಇಲ್ಲ.

ಬಸವನಗುಡಿ ಮೇಷ್ಟ್ರು

ಕಾಫಿಗೆ 'ಸ್ಟ್ರಾಂಗ್' ಬಂತಲ್ಲ. ಫರ್ತ್ ಅವರ ಶಿಷ್ಯ ಹ್ಯಾಲಿಡೇ ಕೊಟ್ಟ ಉದಾಹರಣೆಯೂ ಅಂಥದ್ದೇ. ಟೀ ಆದರೆ 'ಸ್ಟ್ರಾಂಗ್', ಕಾರಾದರೆ 'ಪವರ್‌ಫುಲ್'. ಎರಡು ಪದದ ಅರ್ಥ ಅಕ್ಕಪಕ್ಕದಲ್ಲೇ ಇದೆ, ಆದರೂ ಜಾಗ ಅದಲುಬದಲು ಮಾಡುವಂತಿಲ್ಲ. ನಮ್ಮಲ್ಲೂ ಇದೇ ಕತೆ. ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಇಂಗ್ಲಿಷ್‌ನವನಿಗೆ ಎಲ್ಲವೂ 'ವೇರ್'. ಅವನು ಕನ್ನಡ ಕಲಿಯಲು ಬಂದು 'ಹೂ ಉಟ್ಟಳು' ಅಂದರೆ ನಮ್ಮ ಕಿವಿಗೆ ಹೇಗೆ ಕೇಳುತ್ತದೋ, ನಮ್ಮ 'ಪುಟ್ ಲೀವ್' ಅವನಿಗೆ ಹಾಗೆ ಕೇಳುತ್ತದೆ. ಆದ್ದರಿಂದ ಯಾರೂ ಇದರಲ್ಲಿ ನಾಚಿಕೊಳ್ಳುವುದು ಬೇಡ.

ಸಿಟಿ ಸಿವಿಲ್ ಕೋರ್ಟ್ ಟೈಪಿಂಗ್

'ಆ್ಯಂಡ್' ಇಟ್ಟುಕೊಂಡು ಬರುವ ಜೋಡಿಗಳನ್ನು ಯಾರೂ ಮುಟ್ಟಲಿಲ್ಲ. ದಿನಾ ಟೈಪ್ ಮಾಡುವುದರಿಂದ ನನಗೆ ಇದರ ಮೇಲೆ ಪ್ರೀತಿ.

'ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್', 'ಗೂಡ್ಸ್ ಆ್ಯಂಡ್ ಚಾಟಲ್ಸ್', 'ಬ್ರೇಕಿಂಗ್ ಆ್ಯಂಡ್ ಎಂಟರಿಂಗ್'. ಅಕ್ಕಪಕ್ಕದ ಅರ್ಥದ ಎರಡೆರಡು ಪದ ಯಾಕೆ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಮೇಲಿನವರ, ಕೋರ್ಟಿನ ಭಾಷೆ ಫ್ರೆಂಚ್ ಆಯಿತು. ಜನರ ಭಾಷೆ ಇಂಗ್ಲಿಷ್ ಆಗಿಯೇ ಉಳಿಯಿತು. ಕಾಗದದಲ್ಲಿ ಎರಡೂ ಕಡೆಯವರಿಗೆ ತಿಳಿಯಲಿ ಅಂತ ಎರಡೂ ಭಾಷೆಯ ಪದ ಜೊತೆಯಲ್ಲಿಟ್ಟರು ಅನ್ನುತ್ತಾರೆ. 'ವಿಲ್' ಹಳೇ ಇಂಗ್ಲಿಷಿನದು, 'ಟೆಸ್ಟಮೆಂಟ್' ಲ್ಯಾಟಿನ್‌ನಿಂದ ಬಂದದ್ದು. 'ಬ್ರೇಕ್' ಇಂಗ್ಲಿಷಿನದು, 'ಎಂಟರ್' ಫ್ರೆಂಚಿನದು. ಕೋರ್ಟಿನಲ್ಲಿ ವಾದ ಇಂಗ್ಲಿಷಿನಲ್ಲೇ ನಡೆಯಬೇಕು ಅಂತ 1362ರಲ್ಲಿ ಕಾನೂನು ಬಂತು. ಜೋಡಿಗಳು ಮಾತ್ರ ಬಿಡಲಿಲ್ಲ.

ನಮ್ಮ ಕಾಗದ ಪತ್ರವೂ ಹಾಗೇ ನೋಡಿ. ಕಾಗದ ಪಾರ್ಸಿಯಿಂದ ಬಂದದ್ದು, ಪತ್ರ ಸಂಸ್ಕೃತದ್ದು. ಹಕ್ಕು ಬಾಧ್ಯತೆಯಲ್ಲಿ ಹಕ್ಕು ಅರಬ್ಬಿ ಮೂಲದ್ದು. ಕ್ರಯಪತ್ರದಲ್ಲಿ ಇವತ್ತಿಗೂ 'ನಿಧಿ ನಿಕ್ಷೇಪ ಜಲ ಪಾಷಾಣ' ಅಂತ ಶುರುವಾಗುವ ಸಾಲು ಟೈಪ್ ಮಾಡುತ್ತೇವೆ. ಹಳೇ ಶಾಸನಗಳಿಂದ ಬಂದ ಸಾಲು ಅದು. ನಿಧಿ ಸಿಕ್ಕಿದವರನ್ನು ನಾನಂತೂ ನೋಡಿಲ್ಲ, ಆದರೆ ಆ ಸಾಲು ಇಲ್ಲದಿದ್ದರೆ ಪತ್ರ ಪೂರ್ತಿ ಅನ್ನಿಸುವುದಿಲ್ಲ.

ಜೋಡಿಯ ಕ್ರಮಕ್ಕೂ ಗಮನ ಕೊಡಿ. 'ಬ್ಲ್ಯಾಕ್ ಆ್ಯಂಡ್ ವೈಟ್' ನಮ್ಮಲ್ಲೂ ಕಪ್ಪು ಬಿಳುಪು. 'ಡೇ ಆ್ಯಂಡ್ ನೈಟ್' ಹಗಲು ರಾತ್ರಿ. 'ಗಿವ್ ಆ್ಯಂಡ್ ಟೇಕ್' ಕೊಡುಕೊಳ್ಳು. ಇಲ್ಲಿಯವರೆಗೆ ಜೊತೆಯಲ್ಲೇ ನಡೆದವು. ಆದರೆ 'ಹಿಯರ್ ಆ್ಯಂಡ್ ದೇರ್' ನಮ್ಮಲ್ಲಿ ಅಲ್ಲಿ ಇಲ್ಲಿ. 'ದಿಸ್ ಆ್ಯಂಡ್ ದ್ಯಾಟ್' ನಮ್ಮಲ್ಲಿ ಅದು ಇದು. ಅವರು ಹತ್ತಿರದ್ದು ಮೊದಲು ಹೇಳುತ್ತಾರೆ, ನಾವು ದೂರದ್ದು ಮೊದಲು ಹೇಳುತ್ತೇವೆ. 'ದೇರ್ ಆ್ಯಂಡ್ ಹಿಯರ್' ಅಂತ ಬರೆದರೆ ಅಲ್ಲಿ ಯಾರೂ ಒಪ್ಪುವುದಿಲ್ಲ.

ಪೀಣ್ಯ ಟೂಲ್‌ರೂಂ

ಅಲ್ಲಿ ಇಲ್ಲಿ! ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ಅವರು ಇವರು, ಆಗೀಗ, ಹಾಗೆ ಹೀಗೆ... ಎಲ್ಲಾ ದೂರದ್ದೇ ಮೊದಲು.

ಮಾನ್ಯತಾ ಟೆಕ್

ಆಫೀಸಿನ ಜೋಡಿಗಳು, ಬೇಗ ಬೇಗ. 'ರೇಸ್ ಎ ಟಿಕೆಟ್' (ತೊಂದರೆ ದಾಖಲಿಸು), 'ಫಿಕ್ಸ್ ಎ ಬಗ್' (ಪ್ರೋಗ್ರಾಂನ ದೋಷ ಸರಿಮಾಡು), 'ರನ್ ಎ ಟೆಸ್ಟ್', 'ಮೀಟ್ ಎ ಡೆಡ್‌ಲೈನ್', 'ಮಿಸ್ ಎ ಡೆಡ್‌ಲೈನ್', 'ಸೆಟ್ ಅಪ್ ಎ ಕಾಲ್', 'ಗಿವ್ ಎ ಡೆಮೊ', 'ಮೇಕ್ ಪ್ರೋಗ್ರೆಸ್'. ಮೀಟಿಂಗಿನಲ್ಲಿ 'ಲೆಟ್ಸ್ ಡಿಸ್ಕಸ್ ಅಬೌಟ್ ದಿಸ್' ತುಂಬಾ ಕೇಳುತ್ತದೆ. 'ಬಗ್ಗೆ ಚರ್ಚೆ ಮಾಡೋಣ' ಅನ್ನುವುದರಲ್ಲಿನ 'ಬಗ್ಗೆ' ಹಿಂದೆ ಬಂದಿದೆ. 'ಲೆಟ್ಸ್ ಡಿಸ್ಕಸ್ ದಿಸ್' ಸಾಕು. 'ಅಬೌಟ್' ಬೇಕೇ ಬೇಕು ಅಂದರೆ 'ಟಾಕ್ ಅಬೌಟ್ ದಿಸ್' ಅನ್ನಿ. ಹಾಗೇ 'ರಿಟರ್ನ್ ಬ್ಯಾಕ್' ಬೇಡ, 'ರಿಟರ್ನ್' ಸಾಕು. 'ಗುಡ್ ಇನ್ ಮ್ಯಾಥ್ಸ್' ಬದಲು 'ಗುಡ್ ಆ್ಯಟ್ ಮ್ಯಾಥ್ಸ್'.

ನೇರಳೆ ಮಾರ್ಗ

ಓದಲು ಹೊತ್ತಿಲ್ಲದವರಿಗೆ ನನ್ನದೊಂದು ದಾರಿ. ಬೆಂಗಳೂರಿನಲ್ಲಿ ಎರಡು ಭಾಷೆ ಪಕ್ಕಪಕ್ಕದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಮೆಟ್ರೋದಲ್ಲಿ ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳುತ್ತಾರೆ. ಕನ್ನಡದಲ್ಲಿ ಎಡಕ್ಕೆ, ಇಂಗ್ಲಿಷಿನಲ್ಲಿ 'ಆನ್ ದ ಲೆಫ್ಟ್'. ಆ 'ಆನ್' ಕಿವಿಗೆ ಬಿದ್ದು ಬಿದ್ದು ಕೂತುಬಿಡುತ್ತದೆ.

ಸಂಚಾರ ಪೊಲೀಸರ ಪೋಸ್ಟುಗಳೂ ಒಳ್ಳೆ ಪಾಠ. ಗಾಡಿ ಕೆಟ್ಟು ನಿಂತಿದ್ದರೆ ಕನ್ನಡದಲ್ಲಿ 'ನಿಧಾನಗತಿಯ ಸಂಚಾರ' ಅಂತ ಬರುತ್ತದೆ, ಇಂಗ್ಲಿಷಿನಲ್ಲಿ 'ಸ್ಲೋ ಮೂವಿಂಗ್ ಟ್ರಾಫಿಕ್'. 'ಕಾರಣದಿಂದ' ಇದ್ದ ಕಡೆ 'ಡ್ಯೂ ಟು'. 'ಕಡೆಗೆ' ಇದ್ದ ಕಡೆ 'ಟುವರ್ಡ್ಸ್'. ಹೇಗೂ ಆ ಪೋಸ್ಟ್ ನೋಡುವುದು ಟ್ರಾಫಿಕ್ಕಲ್ಲಿ ನಿಂತಾಗಲೇ, ಎರಡನ್ನೂ ನಿಧಾನಕ್ಕೆ ಓದಬಹುದು. ಗಾಡಿ ಓಡಿಸುತ್ತಿರುವವರು ಬೇಡ, ಹಿಂದೆ ಕೂತವರು ಓದಿ.

ಅವೆನ್ಯೂ ರೋಡ್ ಓದುಗ

ಪುಸ್ತಕ ಬೇಕು ಅನ್ನುವವರಿಗೆ: ಪದಜೋಡಿಗಳಿಗೆಂದೇ ಆಕ್ಸ್‌ಫರ್ಡ್‌ನವರ ನಿಘಂಟು ಇದೆ, ಮೊದಲು ಬಂದದ್ದು 2002ರಲ್ಲಿ, ಎರಡನೇ ಆವೃತ್ತಿ 2009ರಲ್ಲಿ. ಹಳೇ ಪ್ರತಿ ಸಿಕ್ಕರೂ ಸಾಕು, ಜೋಡಿಗಳು ಅಷ್ಟು ಬೇಗ ಬದಲಾಗುವುದಿಲ್ಲ. ಅದನ್ನು ತೆರೆಯುವಾಗ ನಾಮಪದ ನೋಡಿ. 'ಡಿಸಿಷನ್' ತೆರೆದರೆ ಅದರ ಕ್ರಿಯಾಪದಗಳೂ ಗುಣವಾಚಕಗಳೂ ಅಲ್ಲೇ ಸಾಲಾಗಿ ಇರುತ್ತವೆ. 'ಮೇಕ್' ತೆರೆದು ಕೂತರೆ ಕಳೆದುಹೋಗುತ್ತೀರಿ.

ವಿಜಯನಗರ ಸಂಜೆ

ಇದು ಮುಖ್ಯವಾದ ಮಾತು. ಮಾತಾಡುವವನ ತಲೆಯಲ್ಲಿ ಮೊದಲು ಬರುವುದು ನಾಮಪದವೇ. ರಜೆ, ತಪ್ಪು, ನೋವು. ಆದ್ದರಿಂದ ಪುಸ್ತಕ ಬರೆದಿಟ್ಟುಕೊಳ್ಳುವವರು ಎಡಗಡೆ ಕನ್ನಡದ ಪೂರ್ತಿ ಜೋಡಿ, ಬಲಗಡೆ ಇಂಗ್ಲಿಷಿನ ಪೂರ್ತಿ ಜೋಡಿ, ಕೆಳಗೆ ತಮ್ಮದೇ ಬದುಕಿನ ಒಂದು ವಾಕ್ಯ ಬರೆಯಿರಿ. ಪುಸ್ತಕದ ವಾಕ್ಯ ನಕಲು ಮಾಡಬೇಡಿ. 'ಮೈ ಬ್ರದರ್ ಟುಕ್ ಲೀವ್ ಫಾರ್ ದ ಊರಹಬ್ಬ' ಅಂತ ಬರೆದವನು ಆ ಜೋಡಿಯನ್ನು ಮರೆಯುವುದಿಲ್ಲ.

ನಿಮ್ಮೆಲ್ಲರ ಹಾಳೆಗಳನ್ನು ಸಂಜೆ ತರಗತಿಯಲ್ಲಿ ಅಂಟಿಸುತ್ತೇನೆ. ನೋವಿನ ಹಾಳೆ ಬಾಗಿಲ ಪಕ್ಕಕ್ಕೆ. 'ಬಿಡು' ಬಾಕಿ ಇದೆ, ಯಾರಾದರೂ ಬರೆಯುತ್ತೀರಾ?

ಯಲಹಂಕ ಅಮ್ಮ

ನಾನು, ನನ್ನ ಮಗ ಸೇರಿ ಬರೆದೆವು. ಕೆಲಸ ಬಿಡು: 'ಕ್ವಿಟ್ ಎ ಜಾಬ್'. ಸಿಗರೇಟ್ ಬಿಡು: 'ಗಿವ್ ಅಪ್ ಸ್ಮೋಕಿಂಗ್'. ಊರು ಬಿಡು: 'ಲೀವ್ ಟೌನ್'. ಆಸೆ ಬಿಡು: 'ಗಿವ್ ಅಪ್ ಹೋಪ್'. ದಾರಿ ಬಿಡು: 'ಮೇಕ್ ವೇ'. ನಿಟ್ಟುಸಿರು ಬಿಡು: 'ಹೀವ್ ಎ ಸೈ'. ಗಾಳಿಪಟ ಬಿಡು: 'ಫ್ಲೈ ಎ ಕೈಟ್'. ಗಡ್ಡ ಬಿಡು: 'ಗ್ರೋ ಎ ಬಿಯರ್ಡ್'. ಇದಕ್ಕೆ ಮಗನ ವಾಕ್ಯ: 'ಮೈ ಅಂಕಲ್ ಈಸ್ ಗ್ರೋಯಿಂಗ್ ಎ ಬಿಯರ್ಡ್ ಬಟ್ ಮೈ ಗ್ರ್ಯಾಂಡ್‌ಮದರ್ ಡಸ್ ನಾಟ್ ಲೈಕ್ ಇಟ್.'

ಬಸವನಗುಡಿ ಮೇಷ್ಟ್ರು

ವಾಕ್ಯ ಪೂರ್ತಿ ಸರಿ ಇದೆ. 'ಬಟ್'ಗೆ ಮೊದಲು ಒಂದು ಕಾಮಾ ಇಡಲು ಹೇಳಿ.